ಡೇರಿ ಮುಂದೆ ಕೂತು ಕೇಳಿದ್ದು

ಕೆಲವು ವರ್ಷದ ಹಿಂದೆ ಮಂಡ್ಯ ಕಡೆಯ ಹಳ್ಳಿಗಳಲ್ಲಿ ಒಂದು ಅಧ್ಯಯನಕ್ಕೆ ಕೆಲಸ ಮಾಡಿದ್ದೆ. ಸಕ್ಕರೆ ಕಾಯಿಲೆ ಇರುವವರು ದಿನಾ ನಡೆದರೆ ಎಷ್ಟು ಹತೋಟಿಗೆ ಬರುತ್ತೆ ಅಂತ ನೋಡುವುದು. ಫಿಸಿಯೋಥೆರಪಿ ಓದಿದ ನನ್ನ ಪಾಲಿಗೆ ಬಂದದ್ದು ಜನರನ್ನು ಸೇರಿಸುವ ಕೆಲಸ. ಆಸ್ಪತ್ರೆ ಗೋಡೆಗೆ ಪೋಸ್ಟರ್ ಅಂಟಿಸಿದೆವು, ಮಾತ್ರೆಗೆ ಸಾಲು ನಿಂತವರಿಗೆ ಕರಪತ್ರ ಹಂಚಿದೆವು. ಬಂದವರು ಬೆರಳೆಣಿಕೆಯಷ್ಟು ಜನ. ಅವರಲ್ಲೂ ಹೆಚ್ಚಿನವರು ಆಗಲೇ ವಾಕಿಂಗ್ ಮಾಡುತ್ತಿದ್ದ ನಿವೃತ್ತ ಮೇಷ್ಟ್ರುಗಳು. "ರೋಗಿಗಳಲ್ಲಿ ಆಸಕ್ತಿಯ ಕೊರತೆ" ಅಂತ ವರದಿಗೆ ಒಂದು ಸಾಲು ಬರೆದೆ. ಆ ಸಾಲು ಸುಳ್ಳು.

ಅದು ಸುಳ್ಳು ಅಂತ ತೋರಿಸಿಕೊಟ್ಟವರು ಅಲ್ಲಿನ ಒಬ್ಬ ಆಶಾ ಕಾರ್ಯಕರ್ತೆ. "ಮೇಡಂ, ಆಸ್ಪತ್ರೆ ಬಿಡಿ, ಸಂಜೆ ಹಾಲಿನ ಡೇರಿ ಹತ್ರ ಬನ್ನಿ" ಅಂದರು. ಹಾಲು ಹಾಕಿ, ಕ್ಯಾನು ಪಕ್ಕಕ್ಕಿಟ್ಟು ಕಟ್ಟೆ ಮೇಲೆ ಕೂತ ಹೆಂಗಸರ ಜೊತೆ ನಾನೂ ಕೂತೆ. ಆಗ ಬಂತು ನೋಡಿ ಮಾತು.

"ಬೆಳಗಿಂದ ನಾಟಿ ಹಾಕಿ ಸೊಂಟ ಬಿದ್ದೋಗದೆ, ಇನ್ಯಾವ ವ್ಯಾಯಾಮ ಕಣವ್ವ?" ಅಂದರು ಒಬ್ಬರು. "ಸುಮ್ನೆ ರೋಡಲ್ಲಿ ನಡುದ್ರೆ, ಇವ್ಳಿಗೆ ಮನೇಲಿ ಕೆಲ್ಸ ಇಲ್ವಾ ಅಂತಾರೆ" ಅಂದರು ಇನ್ನೊಬ್ಬರು. ಖಾಲಿ ಹೊಟ್ಟೇಲಿ ಮಾತ್ರೆ ನುಂಗಿ ಒಮ್ಮೆ ತಲೆ ತಿರುಗಿ ಬಿದ್ದಿದ್ದವರಿಗೆ ಬೆಳಗಿನ ಜಾವದ ನಡಿಗೆ ಅಂದರೇ ಭಯ. ಪಾದ ಜೋಮು ಹಿಡಿದು, ಮುಳ್ಳು ಚುಚ್ಚಿದರೂ ಗೊತ್ತಾಗದವರು ಹವಾಯಿ ಚಪ್ಪಲೀಲಿ ಬಂದಿದ್ದರು. ನಮ್ಮ ಬಜೆಟ್ಟಿನಲ್ಲಿ ಟ್ಯಾಬ್ಲೆಟ್ ಕಂಪ್ಯೂಟರಿಗೆ ದುಡ್ಡಿತ್ತು, ಅವರ ಕಾಲಿಗೆ ಒಂದು ಜೊತೆ ಶೂಗೆ ಇರಲಿಲ್ಲ. ಒಪ್ಪಿಗೆ ಪತ್ರ ತೆಗೆದಾಗ ಒಬ್ಬ ಅಜ್ಜಿ ಕೈಯನ್ನೇ ಹಿಂದಕ್ಕೆ ಎಳೆದುಕೊಂಡರು: "ಹೆಬ್ಬೆಟ್ಟು ಒತ್ತಿ ಅರ್ಧ ಎಕರೆ ಕಳ್ಕಂಡೋರು ನಾವು."

ಇದರಲ್ಲಿ ಆಸಕ್ತಿಯ ಕೊರತೆ ಎಲ್ಲಿದೆ ಹೇಳಿ? ಯಾವ ಹೊತ್ತಿಗೆ, ಏನು ತಿಂದು, ಯಾರ ಜೊತೆ, ಯಾವ ದಾರೀಲಿ ನಡೆಯಬೇಕು ಅನ್ನುವ ಯೋಜನೆ ಪೂರ್ತಿ ಅವರ ಬಾಯಲ್ಲೇ ಇತ್ತು. ನಾವು ಎಲ್ಲ ಬರೆದು, ಮಂಜೂರಾತಿ ತಗೊಂಡು, ಆಮೇಲೆ "ಬನ್ನಿ" ಅಂತ ಕರೆದಿದ್ದೆವು.

ಪಕ್ಕದ ಕೇರಳದಲ್ಲಿ ಬೇರೆ ದಾರಿ ಹಿಡಿದ ಉದಾಹರಣೆ ಇದೆ. ತಿರುವನಂತಪುರ ಜಿಲ್ಲೆಯ ಮಧುಮೇಹ ತಡೆ ಅಧ್ಯಯನ. ಅಲ್ಲಿದ್ದವರು ರೋಗಿಗಳಲ್ಲ, ರೋಗ ಬರುವ ಸಾಧ್ಯತೆ ಹೆಚ್ಚಿದ್ದ 1,007 ಮಂದಿ. ಆಸ್ಪತ್ರೆಗೆ ಬಂದವರನ್ನು ಹಿಡಿಯದೆ 60 ಮತಗಟ್ಟೆ ಪ್ರದೇಶಗಳನ್ನು ಆರಿಸಿಕೊಂಡು, ಅವುಗಳಲ್ಲಿ ಅರ್ಧದಷ್ಟರಲ್ಲಿ ಅಲ್ಲಿನ ಜನರಲ್ಲೇ ಗುಂಪಿನ ಮುಂದಾಳುಗಳನ್ನು ತಯಾರು ಮಾಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಧುಮೇಹ ಗಣನೀಯವಾಗಿ ಕಡಿಮೆಯಾಗಿರಲಿಲ್ಲ, ಅದನ್ನೂ ಹೇಳಬೇಕು. ಆದರೆ ಎರಡು ವರ್ಷದ ಕೊನೆಯ ತಪಾಸಣೆಗೆ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಸಿಕ್ಕಿದ್ದರು. ನನ್ನ ಕಣ್ಣು ನಿಂತಿದ್ದು ಆ ಅಂಕಿ ಮೇಲೆ.

ಮತಗಟ್ಟೆ ಲೆಕ್ಕದಲ್ಲಿ ಹೋಗುವುದರಲ್ಲಿ ಇನ್ನೊಂದು ಅನುಕೂಲವಿದೆ. ನಾವು ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನೇ ಎರಡು ಗುಂಪಿಗೆ ಹಂಚಿದ್ದೆವು, ಹೋಲಿಸಿ ನೋಡೋಕೆ. ಅತ್ತೆ ನಡಿಗೆ ಗುಂಪಿಗೆ, ಸೊಸೆ ಬರೀ ಸಲಹೆ ಗುಂಪಿಗೆ. ಒಂದೇ ಮನೆಯವರು, ಜೊತೆಯಲ್ಲೇ ನಡೆದರು. ಇನ್ನು ಎರಡು ಗುಂಪಿನ ವ್ಯತ್ಯಾಸ ಎಲ್ಲಿ ಕಾಣಬೇಕು? ಬೇಡ ಅನ್ನೋಕಾಗುತ್ತಾ? ಊರಿಗೆ ಊರನ್ನೇ ಒಂದು ಗುಂಪು ಮಾಡಿದ್ದರೆ ಆ ತಾಪತ್ರಯವೇ ಇರುತ್ತಿರಲಿಲ್ಲ.

ದುಡ್ಡಿನ ಮಾತೂ ಆಡಲೇಬೇಕು. ಭಾಗವಹಿಸುವವರ ಪ್ರಯಾಣದ ಖರ್ಚು, ಕಳೆದುಕೊಂಡ ಕೂಲಿ ಕೊಡಬಹುದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೇ ಹೇಳುತ್ತೆ. ಒಂದು ದಿನದ ತಪಾಸಣೆ ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ. ಅದನ್ನು ಕೊಟ್ಟರೆ ಆಮಿಷ ಅನ್ನುವವರ ಜೊತೆ ನಾನು ಜಗಳ ಆಡಿದ್ದೇನೆ, ಇನ್ನೂ ಆಡುತ್ತೇನೆ. ಆಶಾ ಕಾರ್ಯಕರ್ತೆಯರ ಬಗ್ಗೆಯೂ ಅಷ್ಟೇ. ಮನೆ ಮನೆ ಸುತ್ತಿ ನಂಬಿಕೆ ಗಳಿಸಿಕೊಟ್ಟವರಿಗೆ ಕೊನೆಗೆ ಒಂದು ಪ್ರಮಾಣಪತ್ರ, ಒಂದು ಲೋಟ ಟೀ. ಇದು ಅನ್ಯಾಯ.

ನನಗೆ ಎಲ್ಲಕ್ಕಿಂತ ಚುಚ್ಚುವುದು ಬೇರೆ. ಅಧ್ಯಯನ ಮುಗಿದ ಮೇಲೆ ಫಲಿತಾಂಶ ಹೇಳೋಕೆ ನಾವ್ಯಾರೂ ಆ ಊರಿಗೆ ವಾಪಸ್ ಹೋಗಲಿಲ್ಲ. ಹೋದ ತಿಂಗಳು ಮದುವೆಗೆ ಅಂತ ಆ ಕಡೆ ಹೋದಾಗ, ಹೆಬ್ಬೆಟ್ಟಿಗೆ ಹೆದರಿದ್ದ ಅದೇ ಅಜ್ಜಿ ಬಸ್ ಸ್ಟಾಪಲ್ಲಿ ಸಿಕ್ಕರು. ಒಂದು ವಾರ ಯೋಚನೆ ಮಾಡಿ ಒಪ್ಪಿ, ಕೊನೇವರೆಗೂ ನಡೆದವರು. ಕೈ ಹಿಡಿದುಕೊಂಡು ಕೇಳಿದರು: "ನಾವು ನಡುದ್ದು ಏನಾಯ್ತವ್ವ? ಗುಣ ಆಯ್ತದೆ ಅಂತ ಬಂತಾ?"

ಬರುವ ಭಾನುವಾರ ಹೋಗುತ್ತಿದ್ದೇನೆ. ಸಂಜೆ ಹೊತ್ತಿಗೆ, ಡೇರಿ ಹತ್ತಿರ.