ಸತ್ಯಾಂಶ: ‘ಆತ್ಮಹತ್ಯೆ’ ಎಂದು ಬರೆದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ

ಗಂಡನೋ ಹೆಂಡತಿಯೋ ನೇಣು ಬಿಗಿದ ಸ್ಥಿತಿಯಲ್ಲಿ ಸಿಕ್ಕು, ಪಕ್ಕದಲ್ಲೊಂದು ಚೀಟಿ ಇದ್ದರೆ ಪೊಲೀಸರು ಆತ್ಮಹತ್ಯೆ ಎಂದು ಬರೆದು ಮುಗಿಸುತ್ತಾರೆ, ಆಮೇಲೆ ಏನೂ ಮಾಡೋಕಾಗಲ್ಲ ಎಂಬ ಮೆಸೇಜು ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು.

ಮೊದಲು ದಾಖಲಾಗುವುದು ಅಸಹಜ ಸಾವಿನ ವರದಿ. ಠಾಣೆಯವರ ಮಾತಲ್ಲಿ ಯುಡಿಆರ್. ಅದು ತೀರ್ಪಲ್ಲ, ವಿಚಾರಣೆಯ ಶುರು. ಸಾವಿನ ಕಾರಣದ ಬಗ್ಗೆ ಅನುಮಾನವಿದ್ದರೆ ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸ್ ತನಿಖೆ, ಕೋರ್ಟ್ ವಿಚಾರಣೆ ಹೇಗೆ ನಡೆಯಬೇಕು ಎಂದು ಹೇಳುವ ಕಾನೂನು) 194ನೇ ಕಲಂ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೂ ಇದೇ ನಿಯಮ.

ವೈದ್ಯರು ಕತ್ತಿನ ಗುರುತನ್ನು ಬಹಳ ಹೊತ್ತು ನೋಡುತ್ತಾರೆ. ನೇಣಿನ ಗುರುತು ಸಾಮಾನ್ಯವಾಗಿ ಕತ್ತಿನ ಮೇಲ್ಭಾಗದಲ್ಲಿ ಓರೆಯಾಗಿ ಏರುತ್ತದೆ. ಬೇರೆಯವರು ಹಗ್ಗ ಬಿಗಿದಿದ್ದರೆ ಅದು ಹೆಚ್ಚಾಗಿ ಅಡ್ಡಕ್ಕೆ, ಕತ್ತಿನ ಸುತ್ತ ಇರುತ್ತದೆ. ಇದೊಂದರಿಂದಲೇ ಯಾರೂ ತೀರ್ಮಾನಕ್ಕೆ ಬರುವುದಿಲ್ಲ. ಒಳಗಿನ ಗಾಯ, ಚೀಟಿಯ ಕೈಬರಹ, ಫೋನ್ ಕರೆಗಳ ವಿವರ ಎಲ್ಲವನ್ನೂ ಹೊಂದಿಸಿ ನೋಡುತ್ತಾರೆ. ಕೊಲೆಯ ಸುಳಿವು ಸಿಕ್ಕರೆ ಎಫ್‌ಐಆರ್ ಆಗುತ್ತದೆ. ಕೊಲೆ ಕೇಸಿಗೆ ಕಾಲಮಿತಿಯೂ ಇಲ್ಲ.

ಇಂಥ ಮೆಸೇಜು ಬಂದಾಗ ಅದರಲ್ಲಿ ಕಾನೂನಿನ ಹೆಸರು, ಕಲಂ ಇದೆಯಾ ನೋಡಿ. ಇದ್ದರೆ ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಆ ಕಲಂ ತೆಗೆದು ನೀವೇ ಓದಿ. 2024ರ ಜುಲೈ 1ರಿಂದ ಈ ಹೊಸ ಸಂಹಿತೆ ಬಂದಿದೆ, ಹಳೇ ಮೆಸೇಜುಗಳಲ್ಲಿ ಹಳೇ ಕಾನೂನಿನ ಕಲಂ ನಂಬರೇ ಇರುತ್ತದೆ. ಕಳಿಸಿದವರು ಕಾಳಜಿಯಿಂದಲೇ ಕಳಿಸಿರುತ್ತಾರೆ, ಅಲ್ವಾ? ಆದರೆ ಇದನ್ನು ನಂಬಿ ಮನೆಯವರು ಅನುಮಾನವನ್ನು ನುಂಗಿಕೊಂಡು ಅಂತ್ಯಕ್ರಿಯೆ ಮುಗಿಸಿದರೆ ಸಾಕ್ಷ್ಯ ಸುಟ್ಟು ಹೋಗುತ್ತದೆ. ಅನುಮಾನವಿದ್ದರೆ ಅದಕ್ಕೂ ಮೊದಲೇ ಠಾಣೆಯಲ್ಲಿ ಲಿಖಿತವಾಗಿ ಕೊಡಿ.