ಕೆರೆ ಅಳೆದರೆ ಸಾಲದು, ನೀರು ಬರುವ ದಾರಿಯನ್ನೂ ಅಳೆಯಿರಿ

2021ರ ನವೆಂಬರ್ ಮಳೆಯನ್ನು ಕೋಲಾರದವರು ಮರೆಯುವುದಿಲ್ಲ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಪಕ್ಕದೂರಿನವರು ಬಾಗಿನ ಬಿಟ್ಟರು. ನಮ್ಮೂರ ಕೆರೆಯಲ್ಲಿ ಮಾತ್ರ ತೂಬಿನ ಹತ್ತಿರ ಒಂದಿಷ್ಟು ನೀರು ನಿಂತಿತ್ತು, ಅಷ್ಟೇ. ಬಿದ್ದ ಮಳೆ ಎರಡೂ ಊರಿಗೆ ಒಂದೇ. ನನಗೆ ತುಂಬಾ ಸಂಕಟವಾಯಿತು.

ಮಳೆ ನಿಂತ ಮೇಲೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ (ಸರ್ಕಾರದ ಸರ್ವೆ ನಕಾಶೆ ತೋರಿಸುವ ಆ್ಯಪ್) ಹಾಕಿಕೊಂಡು ಅಪ್ಪನ ಜೊತೆ ನಮ್ಮ ಕೆರೆಗೆ ನೀರು ತರುವ ಕಾಲುವೆಗುಂಟ ನಡೆದೆ. ನಕಾಶೆಯಲ್ಲಿ ಮೇಲಿನ ಕೆರೆಯ ಕೋಡಿಯಿಂದ ನಮ್ಮ ಕೆರೆಯವರೆಗೆ ಗೆರೆ ಎಲ್ಲೂ ಕಡಿದಿಲ್ಲ. ನೆಲದಲ್ಲಿ ಮೊದಲು ಸಿಕ್ಕಿದ್ದು ಟೊಮೆಟೊ ತೋಟ. ಅಲ್ಲಿ ಕಾಲುವೆಯ ಅಗಲ ಎರಡು ಹೆಜ್ಜೆಗೆ ಇಳಿದಿತ್ತು. ಆಮೇಲೆ ನೀಲಗಿರಿ ತೋಪು. ಅದರಾಚೆ ಎತ್ತರಿಸಿದ ರಸ್ತೆ, ಅಡಿಯಲ್ಲಿ ಒಂದೇ ಪೈಪು, ಅದೂ ಹೂಳು ತುಂಬಿ ಮುಚ್ಚಿತ್ತು. ನೀರು ರಸ್ತೆ ಬದಿಗೇ ತಿರುಗಿ ಬೇರೆ ಹಳ್ಳ ಸೇರಿತ್ತು. "ನೀರುಗಂಟಿ ಇದ್ದಾಗ ಪ್ರತಿ ಬೇಸಿಗೆ ಊರವರೆಲ್ಲ ಸೇರಿ ಇದನ್ನ ತೋಡ್ತಿದ್ವಿ ಕಣಮ್ಮಾ" ಅಂದರು ಅಪ್ಪ. ನೀರುಗಂಟಿ ಅಂದರೆ ಊರಿನ ಕೆರೆ ನೀರು ನೋಡಿಕೊಳ್ಳುತ್ತಿದ್ದವರು. ಅಪ್ಪ ಮುಂದೆ ಮಾತಾಡಲಿಲ್ಲ.

ನಂದಿ ಬೆಟ್ಟದ ಕಡೆ ಹುಟ್ಟುವ ಪಾಲಾರ್ ನಮ್ಮ ಜಿಲ್ಲೆಯಲ್ಲಿ ಕೆರೆಗಳ ಸಾಲಾಗಿಯೇ ಇಳಿಯುತ್ತದೆ. ಒಂದರ ಕೋಡಿ ನೀರು ಕೆಳಗಿನದಕ್ಕೆ. ಬೇತಮಂಗಲದ ದೊಡ್ಡ ಕೆರೆ ಆ ನದಿಗೇ ಕಟ್ಟಿದ್ದು. ಹೀಗಿರುವಾಗ ಒತ್ತುವರಿ ತಡೆಯಲು ಅಂತ ಕೆರೆಯಂಗಳ ಮಾತ್ರ ಅಳೆದು ಗಡಿ ಕಲ್ಲು ನೆಟ್ಟರೆ ಕೆರೆ ಉಳಿಯುತ್ತಾ? 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದನ್ನು ಈಗಿನ ಎರಡು ಹಂತದ ಮೇಲೆ ಮೂರನೇ ಹಂತದಲ್ಲೂ ಶುದ್ಧ ಮಾಡಲೇಬೇಕು, ಜನರ ಆ ಬೇಡಿಕೆ ನ್ಯಾಯವಾದದ್ದು. ಆದರೆ ಆ ನೀರೂ ಕೆರೆಯಿಂದ ಕೆರೆಗೆ ಇಳಿಯಬೇಕಾದರೆ ಇವೇ ಹಳೇ ಕಾಲುವೆಗಳು ಬೇಕು, ಅಲ್ವಾ?

ಕಾಲುವೆ ಎಲ್ಲಿ ಕಡಿದಿದೆ ಅಂತ ತಿಳಿಯಲು ಉಪಗ್ರಹ ಚಿತ್ರ ನೋಡಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಚಿತ್ರ ತೆಗೆಯುತ್ತಿವೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಗುಡ್ಡ ಕ್ವಾರಿಯಾಗಿದ್ದು, ಹೊಲ ಲೇಔಟ್ ಆಗಿದ್ದು ವರ್ಷ ವರ್ಷ ಕಾಣುತ್ತದೆ. ನಾನೂ ಗಂಟೆಗಟ್ಟಲೆ ನೋಡಿದ್ದೇನೆ. ಆದರೆ ಈಗಿನ ಚಿತ್ರಗಳಲ್ಲೂ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 30 ಮೀಟರ್. ಹತ್ತಡಿ ಕಾಲುವೆ, ಮುಚ್ಚಿದ ಪೈಪು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ನಕಾಶೆ ಹಿಡಿದು ನಡೆಯಲೇಬೇಕು.

ಪ್ರತಿ ಪಂಚಾಯಿತಿ ತನ್ನ ಕೆರೆಯ ಜೊತೆ ಮೇಲಿನ, ಕೆಳಗಿನ ಕೆರೆಗಳ ಕಾಲುವೆಯನ್ನೂ ಸೇರಿಸಿ ಒಂದೇ ನಕಾಶೆ ಮಾಡಿಸಲಿ. ಎಲ್ಲಿ ಕಡಿದಿದೆ ಅಂತ ಕೆಂಪು ಗುರುತು ಹಾಕಿ ಗ್ರಾಮಸಭೆಯಲ್ಲಿ ತೂಗುಹಾಕಲಿ. ಒತ್ತುವರಿ ಮಾಡಿದವರಲ್ಲಿ ನಮ್ಮ ನೆಂಟರೂ ಇರುತ್ತಾರೆ. ಇರಲಿ, ಅವರೆದುರಿಗೇ ತೂಗುಹಾಕಲಿ.

ನಮ್ಮ ಕೆರೆಗೆ ಇನ್ನೊಂದು ಕಾಲುವೆ ಇದೆ. ಈ ಭಾನುವಾರ ಬೆಳಿಗ್ಗೆ ಅದನ್ನು ನಡೆಯುತ್ತೇವೆ. ಊರಿನ ಹಿರಿಯರು ದಯವಿಟ್ಟು ಜೊತೆಗೆ ಬನ್ನಿ. ನಕಾಶೆಯಲ್ಲಿ ಇಲ್ಲದ ಕುಂಟೆಗಳ, ಅಂದರೆ ಸಣ್ಣ ನೀರಿನ ಹೊಂಡಗಳ ಜಾಗ ನಿಮಗೇ ಗೊತ್ತು.