ಪದ್ಯದ ಅರ್ಥ ಗೆಳೆಯರೇ ಹೇಳಿಕೊಡಬಹುದಾ?

ಪರ: ಮೂವರು ಜಗಲಿಯಲ್ಲಿ ಕೂತ ಸಂಜೆ

ಕುಮಾರವ್ಯಾಸನ ಒಂದು ಸಾಲಿನಿಂದ ಶುರು ಮಾಡುತ್ತೇನೆ. ಹತ್ತನೇ ತರಗತಿಯ ಮಕ್ಕಳು ಓದುವ ‘ಕೌರವೇಂದ್ರನ ಕೊಂದೆ ನೀನು’ ಪದ್ಯ ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಛಂದಸ್ಸಿನಲ್ಲಿದೆ. ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುವ ಸಂದರ್ಭ. ಮೊದಲ ಸಾಲು ‘ಇನತನೂಜನ ಕೂಡೆ ಮೈದುನ’ ಎಂದು ನಿಲ್ಲುತ್ತದೆ (ಇನತನೂಜ ಅಂದರೆ ಸೂರ್ಯನ ಮಗ, ಕರ್ಣ). ಎರಡನೆಯದು ‘ತನದ ಸರಸವನೆಸಗಿ ರಥದೊಳು’ ಎಂದು ಶುರುವಾಗುತ್ತದೆ. ಎರಡೂ ಸಾಲಿಗೆ ತಲಾ 14 ಮಾತ್ರೆ, ಅಂದರೆ ಅಕ್ಷರ ಉಚ್ಚರಿಸುವ ಕಾಲದ ಅಳತೆ. ಆ ಲೆಕ್ಕಕ್ಕೆ ಸಿಕ್ಕಿ ‘ಮೈದುನತನದ’ ಅನ್ನುವ ಒಂದೇ ಪದ ನಡುವೆ ಮುರಿದು ಎರಡು ಸಾಲಿಗೆ ಹಂಚಿಹೋಗಿದೆ. ಒಬ್ಬನೇ ಕೂತು ಕಣ್ಣಲ್ಲಿ ಓದುವ ಹುಡುಗನಿಗೆ ಇದು ಸುಲಭಕ್ಕೆ ಕಾಣುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಒಂದು ಸಂಜೆ ಶಾಲೆ ಬಿಟ್ಟ ಮೇಲೂ ಮೂರು ಮಕ್ಕಳು ಜಗಲಿಯಲ್ಲಿ ಕೂತು ಈ ಪದ್ಯದ ಜೊತೆ ಗುದ್ದಾಡುತ್ತಿದ್ದರು. ನಾನು ಒಳಗೆ ಹಾಜರಿ ಪುಸ್ತಕ ಬರೆಯುತ್ತಾ ಕಿವಿ ಅಲ್ಲಿಟ್ಟಿದ್ದೆ. “ತನದ ಅಂದ್ರೇನೇ?” ಅಂತ ಒಬ್ಬಳು ಕೇಳಿದಳು. ಇನ್ನೊಬ್ಬ ಪುಸ್ತಕ ಕಿತ್ತುಕೊಂಡು ಉಸಿರು ಕಟ್ಟಿ ಜೋರಾಗಿ ಓದಿದ. ಸಾಲು ಮುಗಿದಲ್ಲಿ ಅವನು ನಿಲ್ಲಲಿಲ್ಲ. “ಮೈದುನತನದ ಸರಸ! ಒಂದೇ ಪದ ಕಣ್ರೇ” ಅಂದ.

“ಕೃಷ್ಣಂಗೂ ಕರ್ಣಂಗೂ ಎಲ್ಲಿಯ ಮೈದುನತನ?”

ಮೂರನೆಯವಳ ಮನೆಯಲ್ಲಿ ಹಿಂದಿನ ತಿಂಗಳಷ್ಟೇ ಮದುವೆ ನಡೆದಿತ್ತು. ಬೀಗರ ಸಂಬಂಧವೆಲ್ಲ ಬಾಯಿಪಾಠ. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. “ಕುಂತಿ ಯಾರು? ವಸುದೇವನ ಒಡಹುಟ್ಟಿದವಳು. ಅಂದ್ರೆ ಕೃಷ್ಣಂಗೆ ಸೋದರತ್ತೆ. ಕರ್ಣ ಸೋದರತ್ತೆ ಮಗ. ಬಾವ-ಮೈದುನ ಆಗ್ಲಿಲ್ವಾ?”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೊದಲ ಹುಡುಗಿ ಮೆಲ್ಲಗೆ ಅಂದಳು: “ಆದ್ರೆ ಅದು ಕರ್ಣಂಗೆ ಇನ್ನೂ ಗೊತ್ತೇ ಇಲ್ವಲ್ಲ.”

ನಾನು ಬರೆಯುವುದನ್ನು ನಿಲ್ಲಿಸಿದೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ. ‘ಮೈದುನತನದ ಸರಸ’ ಅಂದರೆ ‘ಸಲುಗೆ’ ಅಂತ ಒಂದೇ ಪದದಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಈ ಹುಡುಗಿ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಹುಟ್ಟಿನ ಗುಟ್ಟನ್ನು ಬಾಯಿಬಿಟ್ಟು ಹೇಳುವ ಮೊದಲೇ ಕೃಷ್ಣ ಅದನ್ನು ನಡೆದು ತೋರಿಸುತ್ತಿದ್ದಾನೆ. ಬರಸೆಳೆದು ತನ್ನ ಪಕ್ಕ ಕೂರಿಸಿಕೊಳ್ಳುತ್ತಾನೆ. ಕರ್ಣನಿಗೆ ಮಾತ್ರ ಅದು ಗೊತ್ತಿಲ್ಲ. ನಿಮ್ಮ ಸಮಕ್ಕೆ ಕೂರಲು ನನಗೆ ಅಂಜಿಕೆ ಅನ್ನುತ್ತಾನೆ. ಕೃಷ್ಣ ಇನ್ನೂ ಹತ್ತಿರ ಸರಿದು, ತೊಡೆಗೆ ತೊಡೆ ತಾಗುವಷ್ಟು ಪಕ್ಕ ಬಂದು ಮಾತು ಶುರು ಮಾಡುತ್ತಾನೆ. ಪದ್ಯದ ಒಳಗಿನ ಈ ನೋವು, ಈ ಹುನ್ನಾರ, ಎರಡೂ ಆ ಜಗಲಿಯಲ್ಲಿ ಒಟ್ಟಿಗೆ ಕಂಡವು. ಒಬ್ಬನ ದನಿ, ಒಬ್ಬಳ ನಂಟರ ಲೆಕ್ಕ, ಇನ್ನೊಬ್ಬಳ ಅನುಮಾನ ಸೇರಿದ್ದರಿಂದ ಕಂಡವು. ಮೂವರಲ್ಲಿ ಯಾರೊಬ್ಬರಿಗೂ ಪೂರ್ತಿ ಪದ್ಯ ಗೊತ್ತಿರಲಿಲ್ಲ ಅನ್ನುವುದನ್ನು ಮರೆಯಬಾರದು.

ನಮ್ಮಲ್ಲಿ ಕಾವ್ಯ ಓದುತ್ತಾ ಬಂದ ರೀತಿಯೂ ಇದೇ ಅಲ್ವಾ? ಗಮಕದಲ್ಲಿ ಒಬ್ಬರು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದರೆ ಅರ್ಥಧಾರಿಗಳು ಎದುರುಬದುರು ಕೂತು ಅದರ ಅರ್ಥವನ್ನು ಮಾತಿನಲ್ಲೇ ಬೆಳೆಸುತ್ತಾರೆ. ಇದೇ ಕೃಷ್ಣ-ಕರ್ಣರ ಭೇಟಿ ಅಲ್ಲಿ ‘ಕರ್ಣಭೇದನ’ ಅನ್ನುವ ಪ್ರಸಂಗ. ಕೃಷ್ಣನ ಅರ್ಥ ಹೇಳುವವರು ಒಂದು ಎಳೆ ಹಿಡಿದರೆ ಕರ್ಣನ ಅರ್ಥ ಹೇಳುವವರು ಅದನ್ನು ತಿರುಗಿಸುತ್ತಾರೆ. ಸಭೆಯಲ್ಲಿ ಕೂತವರು ಮನೆಗೆ ಹೋಗುವ ದಾರಿಯಲ್ಲೂ ಅದನ್ನೇ ಮಾತಾಡುತ್ತಾರೆ. ಪದ್ಯದ ವಿಮರ್ಶೆ ಎಂದರೆ ಹಾಗೆ ಹತ್ತು ಜನ ಕೂಡಿ ಮಾಡುವ ಕೆಲಸ. ಅದನ್ನು ನಾವು ಶಾಲೆಗೆ ತಂದು, ಒಬ್ಬೊಬ್ಬರನ್ನು ಬೇರೆಬೇರೆ ಬೆಂಚಿನಲ್ಲಿ ಕೂರಿಸಿ, ‘ಸಾರಾಂಶ ಬರೆಯಿರಿ’ ಅಂದುಬಿಟ್ಟಿದ್ದೇವೆ.

ಇನ್ನೊಂದು ವಿಷಯ. ನನ್ನ ತರಗತಿಯಲ್ಲಿ ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳಿದ್ದಾರೆ. ಹಳಗನ್ನಡ, ನಡುಗನ್ನಡ ಅವರಿಗೆ ಮೂರನೇ ಮೆಟ್ಟಿಲು. ನಾನು ಹೊಸಗನ್ನಡದಲ್ಲಿ ವಿವರಿಸಿದ್ದನ್ನು ತಾಂಡಾದ ಒಬ್ಬ ಹುಡುಗಿ ತನ್ನ ಗೆಳತಿಗೆ ತಮ್ಮ ಮಾತಿನಲ್ಲಿ ಹೇಳಿದಾಗ ಆ ಗೆಳತಿಯ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಆ ಕೆಲಸ ನನ್ನಿಂದ ಆಗುವಂಥದ್ದಲ್ಲ. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ದಲ್ಲಿ ರಾಜ್ಯ, ಸಾಮ್ರಾಜ್ಯಗಳ ತೆನೆ ಒಕ್ಕುವ ಮಾತು ಬರುತ್ತದೆ. ಪೇಟೆಯ ಹುಡುಗನಿಗೆ ‘ಒಕ್ಕುವುದು’ ಗೊತ್ತಿಲ್ಲ. ಹೊಲದ ಹುಡುಗ, “ಟಾರ್ ರೋಡ್ ಮೇಲೆ ರಾಗಿ ತೆನೆ ಹರಡಿರ್ತಾರಲ್ಲ, ಲಾರಿ ಹತ್ತಿ ಹೋಗುತ್ತಲ್ಲ, ಅದು” ಅಂದ. ಕಾಲದ ಚಕ್ರದ ಕೆಳಗೆ ಸಾಮ್ರಾಜ್ಯಗಳು ಬಿದ್ದ ಹಾಗೆ ಕಣ್ಣಿಗೆ ಕಟ್ಟಿತು.

ಮಕ್ಕಳು ತಪ್ಪು ಹೇಳಿಕೊಡುವುದಿಲ್ಲವೇ? ಹೇಳಿಕೊಡುತ್ತಾರೆ. ಆದರೆ ತಪ್ಪನ್ನು ನನ್ನೆದುರು ಕೇಳಲು ಹೆದರುವವರು ಗೆಳೆಯರ ಎದುರು ಹೆದರುವುದಿಲ್ಲ. ಬಾಯಿಂದ ಹೊರಗೆ ಬಂದ ತಪ್ಪನ್ನು ಮರುದಿನ ತಿದ್ದಬಹುದು. ತಲೆಬಗ್ಗಿಸಿ ಸುಮ್ನೆ ಕೂತವನ ಒಳಗಿನ ತಪ್ಪು ನನಗೆ ಗೊತ್ತಾಗುವುದೇ ಉತ್ತರ ಪತ್ರಿಕೆಯಲ್ಲಿ.

ಆ ಮೂವರು ಮರುದಿನ ತರಗತಿಯಲ್ಲಿ ಕೈ ಎತ್ತಿದರು. ಅವರ ಮಾತನ್ನು ಅವರಿಂದಲೇ ಹೇಳಿಸಿದೆ. ಈಗ ಆ ಸಾಲಿಗೆ ‘ಸಲುಗೆ’ ಅಂತ ಬರೆಸುವುದನ್ನು ಬಿಟ್ಟಿದ್ದೇನೆ.

ವಿರೋಧ: ಹೇಳಿಕೊಟ್ಟವಳು ನಾನು

ನಾನೂ ಅದೇ ಪದ್ಯದ ಮಾತನ್ನೇ ಹೇಳುತ್ತೇನೆ. ಕೃಷ್ಣ ಗುಟ್ಟು ಹೇಳಿ ಮುಗಿಸಿದ ಮೇಲೆ ಕವಿ ಕರ್ಣನನ್ನು ತೋರಿಸುತ್ತಾನೆ: ‘ಕೊರಳ ಸೆರೆ ಹಿಗ್ಗಿದವು’.

ಹತ್ತನೇ ತರಗತಿಯಲ್ಲಿ ನಾನು ಕನ್ನಡಕ್ಕೆ ಯಾವಾಗಲೂ ಮೊದಲು. ಊಟದ ಬಿಡುವಿನಲ್ಲಿ ಗೆಳತಿಯರು ಮರದ ಕೆಳಗೆ ನನ್ನ ಸುತ್ತ ಕೂರುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಈ ಸಾಲು ಬಂದಾಗ ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದೆ: “ಹಿಗ್ಗು ಅಂದ್ರೆ ಖುಷಿ. ತಾನು ಕುಂತಿ ಮಗ ಅಂತ ಗೊತ್ತಾಗಿ ಕರ್ಣ ಹಿಗ್ಗಿದ. ಕಣ್ಣೀರು ಬಂತು ಅಂದ್ರೆ ಆನಂದಬಾಷ್ಪ.” ಎಷ್ಟು ಚೆನ್ನಾಗಿ ಹೊಂದಿಕೊಂಡಿತು ಅಂದರೆ ನನಗೇ ಮೆಚ್ಚುಗೆಯಾಯಿತು.

ಒಬ್ಬಳು ಮಾತ್ರ ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು. “ಇಲ್ಲಿ ‘ಕಡುನೊಂದನಕಟಾ’ ಅಂತ ಇದೆಯಲ್ಲ?” ನಾನು ತಡವರಿಸಲಿಲ್ಲ. “ಇಷ್ಟು ದಿನ ಗೊತ್ತಾಗ್ಲಿಲ್ವಲ್ಲ ಅಂತ ನೊಂದ” ಅಂದೆ. ಅವಳು ಬೆರಳು ತೆಗೆದಳು. ನಾನು ಹೇಳಿದ್ದನ್ನೇ ಬರೆದುಕೊಂಡಳು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಮ್ಮ ಗುಂಪಿನ ಅಷ್ಟೂ ಜನ ಕರ್ಣನನ್ನು ಸಂತೋಷಪಡಿಸಿದ್ದೆವು. ಟೀಚರ್ ಬೈಯಲಿಲ್ಲ. ಬೋರ್ಡಿನ ಮೇಲೆ ಆ ಮೂರು ಪದ ಬರೆದು, “ಕಾದ ಕಬ್ಬಿಣ ಹಿಗ್ಗುತ್ತೆ ಅಂತ ವಿಜ್ಞಾನದಲ್ಲಿ ಓದಿದ್ದೀರಲ್ಲ, ಅದಕ್ಕೇನು ಖುಷಿಯಾಗಿತ್ತಾ?” ಅಂತ ಕೇಳಿದರು. ಹಿಗ್ಗುವುದು ಅಂದರೆ ಉಬ್ಬುವುದು. ಸೆರೆ ಅಂದರೆ ನರ. ದುಃಖ ಉಕ್ಕಿ ಕೊರಳಿನ ನರ ಉಬ್ಬಿತು, ಕಣ್ಣೀರು ನುಗ್ಗಿತು, ಕಡು ನೊಂದ. ನೊಂದದ್ದು ತನಗಾಗಿ ಅಲ್ಲ. ‘ಕುರುಪತಿಗೆ ಕೇಡಾದುದು’ ಅಂತ ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ. ತಾನು ಯಾರು ಅಂತ ಗೊತ್ತಾದ ಗಳಿಗೆಯಲ್ಲಿ ಕರ್ಣನಿಗೆ ಮೊದಲು ನೆನಪಾಗುವುದು ತಾಯಿಯಲ್ಲ, ಪಟ್ಟವಲ್ಲ, ಅನ್ನ ಹಾಕಿದ ಗೆಳೆಯ. ಪದ್ಯಕ್ಕೆ ‘ಕೌರವೇಂದ್ರನ ಕೊಂದೆ ನೀನು’ ಅನ್ನುವ ಹೆಸರು ಬಂದಿರುವುದೂ ಅವನ ಆ ಸಂಕಟದ ಮಾತಿನಿಂದಲೇ. ನಾನು ತಪ್ಪು ಹೇಳಿದ್ದು ಬರೀ ಒಂದು ಪದದ ಅರ್ಥವನ್ನಲ್ಲ. ಇಡೀ ಪದ್ಯವನ್ನೇ ಬುಡಮೇಲು ಮಾಡಿ ಅಷ್ಟು ಜನರ ನೋಟ್ಸಿಗೆ ಇಳಿಸಿದ್ದೆ.

ಬೆರಳಿಟ್ಟ ಆ ಗೆಳತಿಯ ಮುಖ ಈಗಲೂ ನೆನಪಿದೆ. ಅವಳು ಸರಿಯಾಗಿಯೇ ಓದಿದ್ದಳು. ಪಕ್ಕದಲ್ಲಿ ನಾನಿಲ್ಲದೆ ಒಬ್ಬಳೇ ಕೂತಿದ್ದರೆ ‘ಕಡುನೊಂದನಕಟಾ’ ಅವಳ ಕೈ ಹಿಡಿದು ದಾರಿ ತೋರಿಸುತ್ತಿತ್ತು. ಜೊತೆ ಓದಿನಲ್ಲಿ ಮೂವರು ಸಮಾನರಾಗಿ ಕೂತರೆ ಸರಿ. ಆದರೆ ಹೆಚ್ಚಿನ ಗುಂಪುಗಳು ಹಾಗಿರುವುದಿಲ್ಲ. ಒಬ್ಬಳು ಹೇಳುತ್ತಾಳೆ, ಉಳಿದವರು ಬರೆಯುತ್ತಾರೆ. ಜಾಸ್ತಿ ಅಂಕ ತೆಗೆಯುವವಳ ಮಾತು ಪಠ್ಯಪುಸ್ತಕಕ್ಕಿಂತ ದೊಡ್ಡದಾಗುತ್ತದೆ. ಟೀಚರ್ ಮಾತನ್ನಾದರೂ ಮನೆಯಲ್ಲಿ ಅಕ್ಕನೋ ಅಣ್ಣನೋ ಪ್ರಶ್ನೆ ಮಾಡಬಹುದು. ಗೆಳತಿಯ ಮಾತನ್ನು ಅನುಮಾನಿಸಿದರೆ ಗೆಳೆತನಕ್ಕೇ ಧಕ್ಕೆ ಬರುತ್ತದೇನೋ ಅಂತ ಮಕ್ಕಳು ಸುಮ್ಮನಾಗುತ್ತಾರೆ.

ಮೇಲಿನ ಲೇಖನದ ಮೇಷ್ಟ್ರು ತಪ್ಪನ್ನು ಮರುದಿನ ತಿದ್ದಬಹುದು ಅನ್ನುತ್ತಾರೆ. ಅವರು ಒಳಗೆ ಕೂತು ಕಿವಿಗೊಟ್ಟಿದ್ದರು. ನಮ್ಮ ಮರದ ಕೆಳಗೆ ಯಾರೂ ಇರಲಿಲ್ಲ. ಈಗಂತೂ ಗುಂಪು ಸೇರುವುದು ವಾಟ್ಸಾಪ್‌ನಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬರ ನೋಟ್ಸಿನ ಫೋಟೊ ಬಂದರೆ ಬೆಳಗಾಗುವುದರೊಳಗೆ ಅದು ಇಡೀ ತರಗತಿಯ ಅಭಿಪ್ರಾಯ. ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’ ಅಂತ ಪ್ರಶ್ನೆ ಕೇಳುತ್ತಾರೆ. ಸ್ವಾರಸ್ಯ ಅಂದರೆ ನಿನಗೆ ಏನು ರುಚಿಸಿತು ಅಂತ ತಾನೇ? ಎಲ್ಲರಿಗೂ ಒಂದೇ ರುಚಿ, ಅದೂ ಅದೇ ವಾಕ್ಯದಲ್ಲಿ, ಅದೇ ಅಲ್ಪವಿರಾಮದೊಂದಿಗೆ ಬಂದರೆ ಓದುವ ಟೀಚರಿಗೆ ಎಷ್ಟು ಬೇಸರವಾಗಬೇಕು.

ಅರ್ಥ ಸರಿಯಾಗಿದ್ದರೂ ನನಗೆ ಸಮಾಧಾನವಿಲ್ಲ. ‘ಹಕ್ಕಿ ಹಾರುತಿದೆ ನೋಡಿದಿರಾ’ ಓದುವ ಮೊದಲೇ ನನಗೆ ಯಾರೋ “ಹಕ್ಕಿ ಅಂದ್ರೆ ಕಾಲ, ಅಷ್ಟೇ” ಅಂದಿದ್ದರು. ಅದು ತಪ್ಪಲ್ಲ. ಆದರೆ ಆ ಮೇಲೆ ನನಗೆ ಹಕ್ಕಿ ಕಾಣಲೇ ಇಲ್ಲ. ಅದರ ಪುಕ್ಕದ ಕಪ್ಪು, ಗರಿಯ ಬಿಳಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗಾವುದ ಗಾವುದ ದಾಟುವ ಓಟ, ಎಲ್ಲವನ್ನೂ ಕಾಲ, ಕಾಲ, ಕಾಲ ಅಂತ ತುಂಬಿಸುತ್ತಾ ಹೋದೆ. ಆ ಪದ್ಯ ಕೇಳುವುದೇ ‘ನೋಡಿದಿರಾ’ ಅಂತ. ನಾನು ನೋಡುವ ಮೊದಲೇ ನನ್ನ ಕೈಗೆ ಉತ್ತರ ಬಂದಿತ್ತು. ಇದು ಪಾರ್ಕಿನಲ್ಲಿ ಹಕ್ಕಿ ತೋರಿಸಿ ಹೆಸರು ಹೇಳಿದ ಹಾಗಲ್ಲ. ಹಕ್ಕಿಯೇ ಇಲ್ಲದೆ ಹೆಸರು ಮಾತ್ರ ಕೊಟ್ಟ ಹಾಗೆ.

ಗಣಿತದ ಲೆಕ್ಕವನ್ನು ಗೆಳತಿ ಹೇಳಿಕೊಟ್ಟರೆ ಮುಂದಿನ ಲೆಕ್ಕ ನಾನು ಮಾಡಬಹುದು, ಅಂಕಿ ಬೇರೆ ಇರುತ್ತದೆ. ಪದ್ಯ ಹಾಗಲ್ಲ. ಮೊದಲ ಸಲ ಓದುವುದು ಅನ್ನುವುದು ಒಂದೇ ಸಲ ಸಿಗುತ್ತದೆ.

ತಾಳಮದ್ದಳೆಯ ಹೋಲಿಕೆ ನನಗೂ ಇಷ್ಟವಾಯಿತು. ಆದರೆ ಅರ್ಥಧಾರಿಗಳು ಸುಮ್ನೆ ಬಂದು ಕೂರುವುದಿಲ್ಲ. ಕೂಟಕ್ಕೆ ಮೊದಲು ಪ್ರಸಂಗದ ಪದ್ಯಗಳನ್ನು ಮನೆಯಲ್ಲಿ ಓದಿಕೊಂಡಿರುತ್ತಾರೆ, ಭಾರತದ ಕಥೆ ತಿಳಿದಿರುತ್ತಾರೆ, ಎದುರಾಳಿ ಏನು ಕೇಳಬಹುದು ಅಂತ ಯೋಚಿಸಿರುತ್ತಾರೆ. ಕರ್ಣನ ಅರ್ಥ ಹೇಳುವವರು ಕೃಷ್ಣನ ಅರ್ಥ ಕೇಳಿ ಬರೆದುಕೊಂಡು ಮಾತಾಡುವುದಿಲ್ಲ. ನಮ್ಮ ಮಕ್ಕಳು ಗುಂಪಿಗೆ ಬರುವುದು ಓದಿಕೊಂಡಲ್ಲ, ಓದುವುದನ್ನು ತಪ್ಪಿಸಿಕೊಳ್ಳಲು.

ಜೊತೆಗೆ ಕೂತು ಜೋರಾಗಿ ಓದುವುದಕ್ಕೆ ನನ್ನ ತಕರಾರಿಲ್ಲ. ಮುರಿದ ಪದ ಕೂಡಿಸುವುದು, ಲಘು-ಗುರು ಎಣಿಸುವುದು, ‘ಇನ’ ಅಂದರೆ ಸೂರ್ಯ ಅಂತ ಕೋಶ ನೋಡಿ ಹೇಳುವುದು, ಇದೆಲ್ಲ ಹಂಚಿಕೊಳ್ಳಲಿ. ಮನೆಮಾತು ಬೇರೆ ಇರುವ ಗೆಳತಿಗೆ ಅವಳ ಮಾತಿನಲ್ಲಿ ಪದ ಬಿಡಿಸಿ ಹೇಳುವುದು ದೊಡ್ಡ ಉಪಕಾರ, ಅದನ್ನು ಯಾರೂ ಬೇಡ ಅನ್ನಬಾರದು. ‘ಈ ಸಾಲು ಏನು ಹೇಳುತ್ತದೆ’ ಅನ್ನುವಲ್ಲಿಗೆ ಬಂದಾಗ ಮಾತ್ರ ಬಾಯಿ ಮುಚ್ಚಿಕೊಳ್ಳಲಿ. ಕಡೇಪಕ್ಷ ಪ್ರತಿಯೊಬ್ಬರೂ ತಮ್ಮದನ್ನು ಒಂದು ಸಾಲು ಬರೆದಿಡುವ ತನಕ.

ಈ ವರ್ಷ ನನ್ನ ತಮ್ಮ ಹತ್ತನೇ ತರಗತಿ. ಮೊನ್ನೆ ರಾತ್ರಿ ಪುಸ್ತಕ ಹಿಡಿದು ಬಂದ. “ಅಕ್ಕಾ, ಕೊರಳ ಸೆರೆ ಹಿಗ್ಗಿದವು ಅಂದ್ರೆ?” ಉತ್ತರ ನಾಲಿಗೆ ತುದಿಯಲ್ಲಿತ್ತು. ತಡೆದುಕೊಂಡೆ. “ಇನ್ನೊಂದ್ಸಲ ಓದು, ಮುಂದಿನ ಸಾಲೂ ಸೇರಿಸಿ” ಅಂದೆ. ಮುಖ ಗಂಟು ಹಾಕಿಕೊಂಡು ಓದಿದ. ಮತ್ತೆ ಓದಿದ. ಆಮೇಲೆ ಅವನ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. “ಅಳು ತಡ್ಕೊಂಡಾಗ ಇಲ್ಲಿ ಉಬ್ಬುತ್ತಲ್ಲ, ಅದಾ?”

ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅವನು ಆಗಲೇ ಮುಂದಿನ ಸಾಲಿಗೆ ಹೋಗಿದ್ದ.